ಪಟ್ಟಿಯ ಒಳಗೂ ಹೊರಗೂ: ಎಂಡೋಸಲ್ಫಾನ್ ನಂತರದ ಕಾಸರಗೋಡಿನಲ್ಲಿ ಮಕ್ಕಳ ಆರೈಕೆಯ ಚರಿತ್ರೆ

ಕಾಸರಗೋಡಿನ ಎಂಡೋಸಲ್ಫಾನ್ ದುರಂತದ ಬಗ್ಗೆ ಬರೆಹಗಳ ಕೊರತೆಯಿಲ್ಲ. ಪರಿಸರ ಚಳವಳಿಯ ಚರಿತ್ರೆಯಾಗಿ, ಕೀಟನಾಶಕ ರಾಜಕಾರಣದ ಅಧ್ಯಯನವಾಗಿ, ಪರಿಹಾರಕ್ಕಾಗಿ ನಡೆದ ನ್ಯಾಯಾಂಗ ಹೋರಾಟದ ದಾಖಲೆಯಾಗಿ ಅದು ಮತ್ತೆ ಮತ್ತೆ ನಿರೂಪಿತವಾಗಿದೆ. ಈ ನಿರೂಪಣೆಗಳಲ್ಲಿ ಮಗು ಬರುತ್ತದೆ, ಆದರೆ ಸಾಮಾನ್ಯವಾಗಿ ಸಾಕ್ಷ್ಯವಾಗಿ ಬರುತ್ತದೆ: ವಿಷದ ಪರಿಣಾಮವನ್ನು ತೋರಿಸುವ ಒಂದು ದೇಹವಾಗಿ, ಪತ್ರಿಕೆಯ ಮುಖಪುಟದ ಒಂದು ಛಾಯಾಚಿತ್ರವಾಗಿ. ಆ ಮಗುವನ್ನು ಪ್ರತಿದಿನ ಎತ್ತಿ, ಉಣಿಸಿ, ಅಪಸ್ಮಾರದ ಔಷಧಿಯನ್ನು ಹೊತ್ತಿಗೆ ಸರಿಯಾಗಿ ಕೊಟ್ಟು, ಮಾತು ಬಾರದ ಬಾಯಿಯಿಂದ ಬೇಕುಬೇಡಗಳನ್ನು ಓದಿಕೊಂಡ ತಂದೆತಾಯಂದಿರು ಆಡಳಿತದಿಂದ ಏನನ್ನು ಕೇಳಿದರು, ಯಾವ ಕಾಗದದ ಮೂಲಕ ಕೇಳಬೇಕಾಯಿತು, ಯಾವ ಭಾಷೆಯಲ್ಲಿ ಕೇಳಿದರು ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ಬೌದ್ಧಿಕ ಅಂಗವೈಕಲ್ಯ, ನರಸಂಬಂಧಿ ತೊಂದರೆ ಹಾಗೂ ಮಾನಸಿಕ ಅಸ್ವಾಸ್ಥ್ಯಗಳುಳ್ಳ ಮಕ್ಕಳ ಸೇವೆಗಾಗಿ ಗಡಿನಾಡಿನ ಕುಟುಂಬಗಳು ನಡೆಸಿದ ಹುಡುಕಾಟದ ಚರಿತ್ರೆಯನ್ನು ಈ ಪ್ರಶ್ನೆಗಳ ಮೂಲಕ ನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ಗೇರುಗುಡ್ಡೆಯ ಕೆಳಗಿನ ಊರುಗಳು

ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳು ಕಾಸರಗೋಡಿನಲ್ಲಿ ಸುಮಾರು 4,700 ಹೆಕ್ಟೇರ್ ಪ್ರದೇಶದಲ್ಲಿ ಹರಡಿದ್ದವು. ಚಿಗುರು ಮತ್ತು ಹೂವನ್ನು ಹೀರಿ ಒಣಗಿಸುವ ಟೀ ಸೊಳ್ಳೆಯನ್ನು ಹತೋಟಿಗೆ ತರಲು 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಮುಂದೆ ಬಾಧಿತವೆಂದು ಗುರುತಿಸಲಾದ 11 ಪಂಚಾಯತುಗಳು ಉತ್ತರದ ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕಗಳಿಂದ ಮುಳಿಯಾರು, ಪುಲ್ಲೂರು-ಪೆರಿಯ, ಅಜಾನೂರುಗಳ ಮೂಲಕ ದಕ್ಷಿಣದ ಕಯ್ಯೂರು-ಚೀಮೇನಿಯವರೆಗೆ ಸಾಗುತ್ತವೆ. ಅಂದರೆ ಈ ಭೂಪಟ ಚಂದ್ರಗಿರಿ ಹೊಳೆಯನ್ನು ದಾಟುತ್ತದೆ. ತುಳು-ಕನ್ನಡ ಪ್ರದೇಶ ಮತ್ತು ಮಲೆಯಾಳ ಪ್ರದೇಶಗಳೆರಡನ್ನೂ ಒಳಗೊಳ್ಳುತ್ತದೆ. ಮಹಾಜನ ಆಯೋಗ 1967ರಲ್ಲಿ ಯಾವ ಹೊಳೆಯನ್ನು ಗಡಿಯೆಂದು ಕಂಡಿತೋ ಆ ಹೊಳೆಯ ಎರಡೂ ದಂಡೆಗಳ ಮೇಲೆ ವಿಷ ಬಿತ್ತು.

ಎಣ್ಮಕಜೆಯ ಪಡ್ರೆ ಗ್ರಾಮದ ಭೂರಚನೆ ಇಲ್ಲಿ ಮುಖ್ಯವಾಗುತ್ತದೆ. ಗುಡ್ಡದ ನೆತ್ತಿಯಲ್ಲಿ ಗೇರು, ಕೆಳಗಿನ ಕಣಿವೆಗಳಲ್ಲಿ ಅಡಿಕೆ ತೋಟ ಮತ್ತು ಮನೆ. ಕುಡಿಯುವ ನೀರು ಹಲವೆಡೆ ಗುಡ್ಡವನ್ನು ಅಡ್ಡಲಾಗಿ ಕೊರೆದ ಸುರಂಗಗಳಿಂದ ಬರುತ್ತದೆ. ಸಿಂಪಡಣೆಯ ವೇಳೆ ಬಾವಿಯ ಬಾಯಿಯನ್ನು ಮುಚ್ಚಬಹುದು. ಸುರಂಗದಿಂದ ತೋಟಕ್ಕೂ ಮನೆಗೂ ಹರಿದು ಬರುವ ತೆರೆದ ನೀರನ್ನು, ತೋಡನ್ನು ಮುಚ್ಚುವುದು ಸಾಧ್ಯವಿರಲಿಲ್ಲ.

ಮೊದಲ ಎಚ್ಚರಿಕೆ ಬಂದದ್ದು ಕೊಟ್ಟಿಗೆಯಿಂದ. ಕೈಕಾಲು ಊನಗೊಂಡು ಹುಟ್ಟಿದ ಕರುಗಳ ಬಗ್ಗೆ ಕೃಷಿ ಪತ್ರಕರ್ತ ಶ್ರೀಪಡ್ರೆ 1979ರಲ್ಲಿಯೇ ಬರೆದರು. ಮನುಷ್ಯರ ವಿಷಯದಲ್ಲಿ ಇಂಥ ಗಮನಿಕೆ ಆರಂಭವಾದದ್ದು ವಾಣಿನಗರದಲ್ಲಿ ವೈದ್ಯವೃತ್ತಿ ನಡೆಸುತ್ತಿದ್ದ ಡಾ. ವೈ.ಎಸ್. ಮೋಹನ ಕುಮಾರ್ ಅವರಿಂದ. 1980ರ ದಶಕದಲ್ಲಿ ವೃತ್ತಿ ಆರಂಭಿಸಿದ ಅವರು ಒಂದು ಸಣ್ಣ ಪ್ರದೇಶದಲ್ಲಿ ಬೌದ್ಧಿಕ ಅಂಗವೈಕಲ್ಯ, ಅಪಸ್ಮಾರ, ಮನೋರೋಗ, ಜನ್ಮಜಾತ ಊನ ಮತ್ತು ಅರ್ಬುದ ರೋಗಗಳು ಅಸಹಜವಾಗಿ ಹೆಚ್ಚಿರುವುದನ್ನು ಕಂಡು, ಅದನ್ನು ವೈದ್ಯಕೀಯ ವಲಯದ ಗಮನಕ್ಕೆ ತರಲು ಯತ್ನಿಸಿದರು. ಜಿಲ್ಲೆಯ ಮಾನಸಿಕ ಆರೋಗ್ಯದ ಮೊದಲ ನಕ್ಷೆಯನ್ನು ಬರೆದದ್ದು ಸರಕಾರಿ ಇಲಾಖೆಯಲ್ಲ, ಒಂದು ಹಳ್ಳಿಯ ಚಿಕಿತ್ಸಾಲಯ ಎಂಬುದು ಗಮನಾರ್ಹ.

ಅಲ್ಲಿಯವರೆಗೆ ಮನೆಗಳಲ್ಲಿ ಈ ಸ್ಥಿತಿಗೆ ಬೇರೆ ವಿವರಣೆಯಿತ್ತು. ಪಡ್ರೆಯ ಜನ ಅದನ್ನು ಜಟಾಧಾರಿ ದೈವದ ಮುನಿಸೆಂದು ನಂಬಿದ್ದರು. ಈ ನಂಬಿಕೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ತಜ್ಞವೈದ್ಯ, ಮನಶ್ಶಾಸ್ತ್ರಜ್ಞ, ವಿಶೇಷ ಶಿಕ್ಷಕ ಈ ಯಾರೂ ತಲುಪದಿದ್ದ ಕಾಲದಲ್ಲಿ ತಂದೆತಾಯಿಗೆ ಲಭ್ಯವಿದ್ದ ಏಕೈಕ ವಿವರಣೆ ಅದಾಗಿತ್ತು. ಆ ವಿವರಣೆ ಪರಿಹಾರದ ವಿಧಿಯನ್ನೂ ಒದಗಿಸುತ್ತಿತ್ತು. ಅದರ ಬೆಲೆಯೆಂದರೆ ಮನೆತನದ ಮೇಲೆ ಬಿದ್ದ ಕಳಂಕ.

ಕಾರಣ ಮತ್ತು ಅಗತ್ಯ

1998ರಲ್ಲಿ ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಲ್ಲಿ ಹೂಡಿದ ದಾವೆ ವೈಮಾನಿಕ ಸಿಂಪಡಣೆಯನ್ನು ತಡೆಯುವಲ್ಲಿ ನಿರ್ಣಾಯಕವಾಯಿತು. ಸಿಂಪಡಣೆ ನಿಂತ ಮೇಲೆ ಚರ್ಚೆ ವಿಜ್ಞಾನದ ಕಡೆಗೆ ತಿರುಗಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಪಡ್ರೆಯ ಶಾಲಾಮಕ್ಕಳನ್ನು ಸಿಂಪಡಣೆ ನಡೆಯದ ಮೀಂಜ ಪಂಚಾಯತಿನ ಮಕ್ಕಳೊಂದಿಗೆ ಹೋಲಿಸಿ 2002ರಲ್ಲಿ ವರದಿ ಕೊಟ್ಟಿತು. ಪಡ್ರೆಯ ಮಕ್ಕಳಲ್ಲಿ ಕಲಿಕೆ ಮತ್ತು ನಡವಳಿಕೆಗೆ ಸಂಬಂಧಿಸಿದ ನರಸಂಬಂಧಿ ತೊಂದರೆಗಳೂ ಜನ್ಮಜಾತ ಊನಗಳೂ ಹೆಚ್ಚಿರುವುದನ್ನು ಆ ವರದಿ ಗುರುತಿಸಿತು. ಕೇಂದ್ರ ಸರಕಾರದ ಕೃಷಿ ವಲಯದ ಸಮಿತಿ ಇದಕ್ಕೆ ವಿರುದ್ಧವಾದ ನಿಲುವಿಗೆ ಬಂದಿತು. ಕಾರಣ-ಪರಿಣಾಮದ ಸಂಬಂಧ ಎಷ್ಟರ ಮಟ್ಟಿಗೆ ಸಾಬೀತಾಗಿದೆ ಎಂಬ ವಿವಾದ ಕೇರಳದ ಕೃಷಿವಿಜ್ಞಾನಿಗಳ ನಡುವೆ ಇಂದಿಗೂ ಮುಗಿದಿಲ್ಲ.

ಈ ವಿವಾದದ ಸತ್ಯಾಸತ್ಯಕ್ಕಿಂತ ಅದು ಆರೈಕೆಯ ಮೇಲೆ ಬೀರಿದ ಪರಿಣಾಮ ಇಲ್ಲಿ ಪ್ರಸ್ತುತ. ಬೇರೆ ಜಿಲ್ಲೆಯೊಂದರಲ್ಲಿ ಬೌದ್ಧಿಕ ಅಂಗವೈಕಲ್ಯವುಳ್ಳ ಮಗುವಿನ ತಾಯಿ ಎದುರಿಸುವ ಪ್ರಶ್ನೆ 'ಮಗುವಿಗೆ ಏನು ಬೇಕು?' ಎಂಬುದು. ಕಾಸರಗೋಡಿನ ತಾಯಿ ಅದಕ್ಕೂ ಮೊದಲು 'ಮಗು ಹೀಗಾದದ್ದು ಯಾಕೆ?' ಎಂಬ ಪ್ರಶ್ನೆಗೆ ಉತ್ತರಿಸಬೇಕಾಯಿತು. ಮನೆ ಗೇರುತೋಟದಿಂದ ಎಷ್ಟು ದೂರ, ಮಗು ಯಾವ ವರ್ಷ ಹುಟ್ಟಿತು, ತಾಯಿ ಗರ್ಭಿಣಿಯಾಗಿದ್ದಾಗ ಎಲ್ಲಿದ್ದಳು ಎಂಬ ವಿವರಗಳು ರೋಗಲಕ್ಷಣಗಳಷ್ಟೇ ಮಹತ್ವ ಪಡೆದವು. ಪರಿಹಾರಧನಕ್ಕೆ ಕಾರಣದ ನಿರ್ಣಯ ಅಗತ್ಯವೆಂಬುದು ನ್ಯಾಯಶಾಸ್ತ್ರದ ಸಹಜ ತರ್ಕ. ಆದರೆ ಮಾತಿನ ಚಿಕಿತ್ಸೆ, ಭೌತಚಿಕಿತ್ಸೆ, ವಿಶೇಷ ಶಿಕ್ಷಣ ಮತ್ತು ಔಷಧಿಗಳಿಗೆ ಆ ನಿರ್ಣಯದ ಅಗತ್ಯವಿಲ್ಲ. ಈ ಎರಡನ್ನೂ ಒಂದೇ ಬಾಗಿಲಿನ ಮೂಲಕ ಹಾಯಿಸಿದ್ದು ಮುಂದಿನ ಇಪ್ಪತ್ತು ವರ್ಷಗಳ ತೊಡಕಿನ ಮೂಲ.

ಪಟ್ಟಿಯೆಂಬ ಬಾಗಿಲು

ಆ ಬಾಗಿಲಿನ ಹೆಸರು ಪಟ್ಟಿ. 2010ರ ನಂತರ ಸರಕಾರ ಹಲವು ಬಾರಿ ವಿಶೇಷ ವೈದ್ಯಕೀಯ ಶಿಬಿರಗಳನ್ನು ನಡೆಸಿ ಬಾಧಿತರ ಪಟ್ಟಿಯನ್ನು ಸಿದ್ಧಪಡಿಸಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಸ್ನೇಹಸಾಂತ್ವನ ಯೋಜನೆಯ ಮಾಸಾಶನ, ಆರೈಕೆ ಮಾಡುವವರಿಗೆ ಆಶ್ವಾಸಕಿರಣಂ ಸಹಾಯಧನ, ನಿಗದಿತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ದೊರೆಯುವ ವ್ಯವಸ್ಥೆ ರೂಪುಗೊಂಡಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2010ರ ಡಿಸೆಂಬರ್ 31ರಂದು ಮಾಡಿದ ಶಿಫಾರಸಿನಲ್ಲಿ ಮೃತರ ಕುಟುಂಬಗಳು, ಹಾಸಿಗೆ ಹಿಡಿದವರು ಮತ್ತು ಬುದ್ಧಿಮಾಂದ್ಯರಿಗೆ 5 ಲಕ್ಷ ರೂಪಾಯಿ, ಇತರ ಅಂಗವೈಕಲ್ಯವುಳ್ಳವರಿಗೆ 3 ಲಕ್ಷ ರೂಪಾಯಿ ಸೂಚಿಸಲಾಗಿತ್ತು. 2011ರ ಏಪ್ರಿಲಿನಲ್ಲಿ ಜಿನೀವಾದ ಸ್ಟಾಕ್‌ಹೋಮ್ ಒಡಂಬಡಿಕೆಯ ಸಮಾವೇಶ ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಮೇ 13ರಂದು ಸುಪ್ರೀಂ ಕೋರ್ಟು ದೇಶಾದ್ಯಂತ ಅದರ ಉತ್ಪಾದನೆ ಮತ್ತು ಬಳಕೆಗೆ ತಡೆ ನೀಡಿತು. 2017ರ ಜನವರಿ 10ರಂದು ಅದೇ ನ್ಯಾಯಾಲಯ ಬಾಧಿತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದೂ ಜೀವನಪರ್ಯಂತದ ವೈದ್ಯಕೀಯ ವ್ಯವಸ್ಥೆಯನ್ನು ಪರಿಗಣಿಸಬೇಕೆಂದೂ ಆದೇಶಿಸಿತು.

ಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು 2017ರ ಶಿಬಿರದ ಅಂಕಿಗಳು ಸ್ಪಷ್ಟಪಡಿಸುತ್ತವೆ. ಮೊದಲ ಹಂತದಲ್ಲಿ ಗುರುತಿಸಲಾದವರು 1,905 ಮಂದಿ. ಅಂತಿಮ ಪಟ್ಟಿಗೆ ಬಂದವರು 287. ಪ್ರತಿಭಟನೆಯ ನಂತರ 76 ಹೆಸರುಗಳು ಸೇರಿದವು. 2019ರ ಜನವರಿ ಕೊನೆಯಲ್ಲಿ ತಾಯಂದಿರು ಮಕ್ಕಳನ್ನು ಎತ್ತಿಕೊಂಡು ಸುಮಾರು 600 ಕಿಲೋಮೀಟರ್ ದೂರದ ತಿರುವನಂತಪುರಕ್ಕೆ ಹೋಗಿ ಸೆಕ್ರೆಟರಿಯೇಟಿನ ಮುಂದೆ ಧರಣಿ ಕುಳಿತರು; ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಉಪವಾಸ ಮಾಡಿದರು. ಫೆಬ್ರವರಿ 3ರಂದು ಆದ ಒಪ್ಪಂದದ ಪ್ರಕಾರ ಮೊದಲ ಹಂತದ ಪಟ್ಟಿಯಲ್ಲಿದ್ದ 18 ವರ್ಷಕ್ಕಿಂತ ಕೆಳಗಿನ 511 ಮಕ್ಕಳನ್ನು ಸೇರಿಸಲಾಯಿತು. ಉಳಿದ 1,031 ಮಂದಿಯ ಪ್ರಶ್ನೆ ಹಾಗೆಯೇ ಉಳಿದು, ಹೊಸ ಹೋರಾಟಗಳ ವಿಷಯವಾಯಿತು.

ಈ ಸಂಖ್ಯೆಗಳಲ್ಲಿ ಎರಡು ಸಂಗತಿಗಳು ಅಡಗಿವೆ. ಒಂದು, ವೈದ್ಯಕೀಯ ಮಾನದಂಡವೆಂದು ಹೇಳಲಾದ ಗೆರೆ ಧರಣಿಯ ಒತ್ತಡಕ್ಕೆ ಸ್ಥಳ ಬದಲಿಸಿತು. ಅಂದರೆ ಅದು ಆರಂಭದಿಂದಲೂ ಆಡಳಿತಾತ್ಮಕ ಗೆರೆಯಾಗಿತ್ತು. ಎರಡು, ವಯಸ್ಸೇ ಅರ್ಹತೆಯಾದಾಗ 17ರ ಹುಡುಗ ಒಳಗೆ, ಅದೇ ಸ್ಥಿತಿಯಲ್ಲಿರುವ 19ರ ಅಣ್ಣ ಹೊರಗೆ ಉಳಿಯುವಂತಾಯಿತು. ಒಂದೇ ಮನೆಯ ಒಂದೇ ನೀರು ಕುಡಿದ ಮಕ್ಕಳನ್ನು ಪ್ರತ್ಯೇಕಿಸಬಲ್ಲ ಮಾನದಂಡ ಅದು.

2014ರಲ್ಲಿ, 2016ರಲ್ಲಿ, 2019ರಲ್ಲಿ ತಿರುವನಂತಪುರದಲ್ಲಿ ನಡೆದ ಈ ಧರಣಿಗಳ ಮುಂಚೂಣಿಯಲ್ಲಿದ್ದವರು ತಾಯಂದಿರು. ಆರೈಕೆಯ ಹೊಣೆ ಅವರದೇ ಆಗಿದ್ದುದರಿಂದ ಹೋರಾಟಕ್ಕೂ ಮಗುವನ್ನು ಬಿಟ್ಟು ಹೋಗುವಂತಿರಲಿಲ್ಲ. ಧರಣಿಯಲ್ಲಿ ಮಗುವಿನ ಉಪಸ್ಥಿತಿಯನ್ನು 'ಪ್ರದರ್ಶನ'ವೆಂದು ಟೀಕಿಸಿದವರು ಈ ಸರಳ ಸಂಗತಿಯನ್ನು ಮರೆತಿದ್ದರು: ಬದಲಿ ಆರೈಕೆಗೆ ವ್ಯವಸ್ಥೆಯಿದ್ದಿದ್ದರೆ ಆ ಧರಣಿಯ ಅರ್ಧ ಬೇಡಿಕೆ ಈಡೇರಿದಂತಾಗುತ್ತಿತ್ತು.

ಹತ್ತಿರದ ನಗರ, ದೂರದ ರಾಜಧಾನಿ

ಕಾಸರಗೋಡಿನ ಕುಟುಂಬಗಳಿಗೆ ತಜ್ಞ ಚಿಕಿತ್ಸೆಯೆಂದರೆ ಬಹುಕಾಲ ಮಂಗಳೂರು. ಜಿಲ್ಲಾಕೇಂದ್ರದಿಂದ ಸುಮಾರು 50 ಕಿಲೋಮೀಟರ್. ಭಾಷೆ ಪರಿಚಿತ, ಬಸ್ಸು ಸುಲಭ. ಬಾಧಿತರ ಚಿಕಿತ್ಸೆಗೆ ನಿಗದಿಯಾದ ಆಸ್ಪತ್ರೆಗಳಲ್ಲಿ ಮಂಗಳೂರು ಭಾಗದವೂ ಸೇರಿದ್ದವು. ಬದಿಯಡ್ಕ ಪಂಚಾಯತಿನ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜಿಗೆ 2013ರ ನವೆಂಬರಿನಲ್ಲಿ ಶಂಕುಸ್ಥಾಪನೆಯಾಯಿತು. ಆದರೆ 2020ರ ಏಪ್ರಿಲಿನಲ್ಲಿ ಅದರ ಕಟ್ಟಡ ಕೋವಿಡ್ ಆಸ್ಪತ್ರೆಯಾಗಿ ತೆರೆಯುವ ಹೊತ್ತಿಗೂ ಅಲ್ಲಿ ಪೂರ್ಣ ಪ್ರಮಾಣದ ಬೋಧನಾ ಆಸ್ಪತ್ರೆ ಇರಲಿಲ್ಲ.

2020ರ ಮಾರ್ಚಿನಲ್ಲಿ ಕರ್ನಾಟಕ ಗಡಿರಸ್ತೆಗಳನ್ನು, ಕೆಲವೆಡೆ ಮಣ್ಣು ಸುರಿದು, ಮುಚ್ಚಿದಾಗ ಈ ಅವಲಂಬನೆಯ ದುರ್ಬಲತೆ ಬಯಲಾಯಿತು. ತಲಪಾಡಿಯಲ್ಲಿ ಆಂಬುಲೆನ್ಸುಗಳು ತಡೆಯಲ್ಪಟ್ಟವು. ಚಿಕಿತ್ಸೆ ಸಿಗದೆ ಸಾವುಗಳು ಸಂಭವಿಸಿದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ಮಧ್ಯಪ್ರವೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ಚಿಕಿತ್ಸೆಗಾಗಿ ಗಡಿ ದಾಟುವವರ ನಿಯಮಾವಳಿಗೆ ಎರಡೂ ರಾಜ್ಯಗಳು ಒಪ್ಪಿವೆಯೆಂದು ಏಪ್ರಿಲ್ 7ರಂದು ತಿಳಿಸಲಾಯಿತು. ಆದರೆ ಬೌದ್ಧಿಕ ಅಂಗವೈಕಲ್ಯ, ಅಪಸ್ಮಾರ ಮತ್ತು ಮನೋರೋಗಗಳ ಆರೈಕೆ 'ತುರ್ತು' ಎಂಬ ವರ್ಗಕ್ಕೆ ಹೊಂದುವಂಥದ್ದಲ್ಲ. ತಿಂಗಳ ಔಷಧಿ, ವಾರದ ಚಿಕಿತ್ಸೆ, ದಿನದ ಅಭ್ಯಾಸ ಇವು ತಪ್ಪಿದಾಗ ಆಗುವ ಹಾನಿ ಆಂಬುಲೆನ್ಸಿನಷ್ಟು ಕಣ್ಣಿಗೆ ಕಾಣುವುದಿಲ್ಲ.

ಕಾನೂನಿನ ಭಾಷೆಯೂ ಈ ಭೂಗೋಳವನ್ನು ಗಮನಿಸಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ ಕನಿಷ್ಠ ಸೇವೆ ಲಭ್ಯವಿಲ್ಲದಿದ್ದರೆ ವ್ಯಕ್ತಿಯು ತನ್ನ ಜಿಲ್ಲೆಯ ಬೇರೆ ಮಾನಸಿಕ ಆರೋಗ್ಯ ಸೇವೆಯನ್ನು ಪಡೆಯಬಹುದು. ವೆಚ್ಚವನ್ನು ಸರಕಾರ ಭರಿಸಬೇಕು. 'ಜಿಲ್ಲೆಯ' ಎಂಬ ಪದ ಒಳನಾಡಿಗೆ ಸರಿಹೊಂದಬಹುದು. ಹತ್ತಿರದ ಮನೋವೈದ್ಯರು ಇನ್ನೊಂದು ರಾಜ್ಯದಲ್ಲಿರುವ ಗಡಿಜಿಲ್ಲೆಯಲ್ಲಿ ಅದೇ ಪದ ಹಕ್ಕಿನ ಮಿತಿಯಾಗುತ್ತದೆ. ಅದಲ್ಲದೆ ಆ ಕಾಯಿದೆಯ 'ಮಾನಸಿಕ ಅಸ್ವಾಸ್ಥ್ಯ' ಎಂಬ ವ್ಯಾಖ್ಯೆ ಬೌದ್ಧಿಕ ಅಂಗವೈಕಲ್ಯವನ್ನು ಒಳಗೊಳ್ಳುವುದಿಲ್ಲ. ಅದು 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ ಮತ್ತು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಬೌದ್ಧಿಕ ಅಂಗವೈಕಲ್ಯದ ಜೊತೆಗೆ ಮನೋವಿಕಾರವೂ ಇರುವ ಮಗುವಿನ ತಂದೆತಾಯಿ ಎರಡು ಕಾಯಿದೆ, ಎರಡು ಇಲಾಖೆ, ಎರಡು ಪ್ರಮಾಣಪತ್ರಗಳ ನಡುವೆ ಓಡಾಡಬೇಕು. ಕಾಸರಗೋಡಿನಲ್ಲಾದರೆ ಮೂರನೆಯದಾಗಿ ಎಂಡೋಸಲ್ಫಾನ್ ಪಟ್ಟಿ.

ಗಡಿಯ ಈಚೆಗೂ ಇದೇ ಕಥೆಯ ಇನ್ನೊಂದು ರೂಪವಿದೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಮುಂತಾದ ಗ್ರಾಮಗಳ ಗೇರುತೋಟಗಳಲ್ಲಿಯೂ ಎಂಡೋಸಲ್ಫಾನ್ ಸಿಂಪಡಿಸಲಾಗಿತ್ತು. ಕರ್ನಾಟಕದಲ್ಲಿ ಅಂಗವೈಕಲ್ಯದ ಶೇಕಡಾವಾರು ಪ್ರಮಾಣವನ್ನು ಆಧರಿಸಿದ ಮಾಸಾಶನ ಹಾಗೂ ಕೊಕ್ಕಡ, ಕೊಯ್ಲಗಳಲ್ಲಿ ಹಗಲು ಪಾಲನಾ ಕೇಂದ್ರಗಳು ಬಂದವು. ಕೇರಳದಲ್ಲಿ ದೊಡ್ಡ ಮೊತ್ತದ ಪರಿಹಾರವೂ ಪಂಚಾಯತು ಮಟ್ಟದ ಬಡ್ಸ್ ಶಾಲೆಗಳೂ ಬಂದವು. ರಾಸಾಯನಿಕ ಒಂದೇ, ಮನೆಮಾತು ಬಹುಮಟ್ಟಿಗೆ ಒಂದೇ. ಆದರೆ ಎರಡು ರಾಜ್ಯಗಳು ಒಂದೇ ಬಗೆಯ ಮಗುವನ್ನು ಎರಡು ಬಗೆಯ ಫಲಾನುಭವಿಯನ್ನಾಗಿ ಮಾಡಿದವು.

'ದುರಿತ'ದ ಎರಡು ಅರ್ಥಗಳು

ಕೇರಳದ ಆಡಳಿತ ಮತ್ತು ಮಾಧ್ಯಮಗಳಲ್ಲಿ ಎಂಡೋಸಲ್ಫಾನ್ ಸಂತ್ರಸ್ತರಿಗೆ ರೂಢಿಯಾದ ಪದ 'ದುರಿತಬಾಧಿತರ್'. ಮಲೆಯಾಳದಲ್ಲಿ 'ದುರಿತಂ' ಎಂದರೆ ಸಂಕಟ, ಯಾತನೆ. ಕನ್ನಡದಲ್ಲಿಯೂ ಆ ಅರ್ಥ ಇದೆ. ಆದರೆ ಹಳೆಯ ಕಾವ್ಯದಿಂದ ಹರಿದಾಸರ ಹಾಡುಗಳವರೆಗೆ 'ದುರಿತ'ಕ್ಕೆ ಪಾಪವೆಂಬ ಅರ್ಥವೇ ಗಾಢವಾಗಿದೆ. ದೈವದ ಮುನಿಸಿನ ವಿವರಣೆಯಿಂದ ಆಗಷ್ಟೇ ಹೊರಬಂದಿದ್ದ ಕನ್ನಡ ಮನೆಗೆ ಸರಕಾರಿ ಕಾಗದ ಅದೇ ಧ್ವನಿಯ ಪದವನ್ನು ಹೊತ್ತು ತಂದಿತು. ಕನ್ನಡ ಪತ್ರಿಕೆಗಳು ಬಳಸಿದ 'ಸಂತ್ರಸ್ತ', 'ಪೀಡಿತ' ಪದಗಳಲ್ಲಿ ಹೊರಗಿನ ಒಬ್ಬ ಪೀಡಕನ ಸೂಚನೆಯಿದೆ, 'ದುರಿತ'ದಲ್ಲಿ ಅದಿಲ್ಲ. ಅಂಬಿಕಾಸುತನ್ ಮಾಂಙಾಡ್ ತಮ್ಮ ಮಲೆಯಾಳ ಕಾದಂಬರಿಗೆ 'ಎಣ್ಮಕಜೆ' ಎಂಬ ಊರ ಹೆಸರನ್ನೇ ಇಟ್ಟಾಗ, ಮಲೆಯಾಳ ಓದುಗರಿಗೆ ಅಪರಿಚಿತವಾಗಿದ್ದ ಒಂದು ತುಳು-ಕನ್ನಡ ಸ್ಥಳನಾಮ ಕೇರಳದ ಸಾಹಿತ್ಯಿಕ ಸ್ಮೃತಿಯ ಭಾಗವಾಯಿತು. ಆಡಳಿತದ ಸ್ಮೃತಿಯಲ್ಲಿ ಆ ಊರಿನ ಭಾಷೆಗೆ ಅಂಥ ಸ್ಥಾನ ದೊರೆಯಲಿಲ್ಲ.

ಕಾನೂನಿನ ದೃಷ್ಟಿಯಲ್ಲಿ ಭಾಷೆಯ ಹಕ್ಕು ಇದೆ. ಸಂವಿಧಾನದ 350ನೆಯ ವಿಧಿ ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಅವಕಾಶ ಕೊಡುತ್ತದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯ ವ್ಯವಸ್ಥೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ವ್ಯಕ್ತಿಗೆ ಅರ್ಥವಾಗುವ ಭಾಷೆ ಮತ್ತು ರೂಪದಲ್ಲಿ ಮಾಹಿತಿ ಪಡೆಯುವ ಹಕ್ಕನ್ನು ಹೇಳುತ್ತದೆ. ಆದರೆ ಇವೆಲ್ಲ ಅರ್ಜಿ ಮತ್ತು ಮಾಹಿತಿಗೆ ಸಂಬಂಧಿಸಿದವು. ಮಗುವಿನ ಆರೈಕೆಯಲ್ಲಿ ಭಾಷೆ ಇನ್ನೂ ಆಳವಾದ ಸ್ತರದಲ್ಲಿದೆ. ಬುದ್ಧಿಮಟ್ಟದ ಪರೀಕ್ಷೆಯ ಮಾತಿನ ಭಾಗ, ಮಾತಿನ ಚಿಕಿತ್ಸೆಯ ಪದಪಟ್ಟಿ, ನಡವಳಿಕೆ ತಿದ್ದುವ ಸರಳ ಆಜ್ಞೆಗಳು ಇವೆಲ್ಲ ಒಂದು ನಿರ್ದಿಷ್ಟ ಭಾಷೆಯಲ್ಲಿ ನಡೆಯಬೇಕು. ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ, ಅಂಗನವಾಡಿಯಲ್ಲಿ ಕನ್ನಡ, ಶಿಬಿರದಲ್ಲಿ ಮಲೆಯಾಳ ಕೇಳುವ ಮಗು ಪ್ರಶ್ನೆಗೆ ಉತ್ತರಿಸದಿದ್ದರೆ, ಅದು ಬುದ್ಧಿಯ ಮಿತಿಯೋ ಭಾಷೆಯ ದೂರವೋ ಎಂದು ಪರೀಕ್ಷಕರು ತಿಳಿಯುವುದು ಕಷ್ಟ. ಆ ಹೊತ್ತಿನಲ್ಲಿ ದುಭಾಷಿಯ ಕೆಲಸ ತಾಯಿಯ ಪಾಲಿಗೆ ಬರುತ್ತದೆ. ಮಗುವಿನ ಪರವಾಗಿ ವಾದಿಸಬೇಕಾದವಳೇ ಮಗುವಿನ ಸ್ಥಿತಿಯನ್ನು ಅನುವಾದಿಸುವವಳೂ ಆಗುತ್ತಾಳೆ. ಸಾಕ್ಷಿ ಮತ್ತು ಅನುವಾದಕಿ ಒಬ್ಬಳೇ ಆದಾಗ ಅಧಿಕಾರಿಯ ಸಂಶಯಕ್ಕೆ ಆಸ್ಪದ ಹೆಚ್ಚು.

ಈ ದೃಷ್ಟಿಯಿಂದ ಬಡ್ಸ್ ಶಾಲೆಗಳ ಮಹತ್ವವನ್ನು ಗುರುತಿಸಬೇಕು. 2004ರಲ್ಲಿ ತಿರುವನಂತಪುರ ಜಿಲ್ಲೆಯ ವೆಂಗಾನೂರಿನಲ್ಲಿ ಆರಂಭವಾದ ಈ ಮಾದರಿ ಸ್ಥಳೀಯ ಪಂಚಾಯತು ಮತ್ತು ಕುಟುಂಬಶ್ರೀಯ ಹೊಣೆಯಲ್ಲಿ ನಡೆಯುವಂಥದ್ದು. ಕಾಸರಗೋಡಿನ ಬಾಧಿತ ಪಂಚಾಯತುಗಳಲ್ಲಿಯೂ ಇಂಥ ಶಾಲೆಗಳು ಬಂದು, ಕೆಲವು ಮುಂದೆ ಮಾದರಿ ಶಿಶು ಪುನರ್ವಸತಿ ಕೇಂದ್ರಗಳಾದವು. ಊರಿನವರೇ ಸಿಬ್ಬಂದಿಯಾಗಬಹುದಾದ ಸಂಸ್ಥೆಯಲ್ಲಿ ಮನೆಮಾತಿಗೆ ಜಾಗವಿರುವ ಸಾಧ್ಯತೆ ಹೆಚ್ಚು. ಅಷ್ಟೇ ಮುಖ್ಯವಾಗಿ, ಶಾಲೆಯ ವಾಹನ ಮಗುವನ್ನು ಕರೆದೊಯ್ದ ಆ ಕೆಲವು ಗಂಟೆಗಳಲ್ಲಿ ತಾಯಿಗೆ ಕೂಲಿಗೆ ಹೋಗುವುದು, ನಿದ್ರಿಸುವುದು, ಬೇರೆ ಮಕ್ಕಳನ್ನು ನೋಡಿಕೊಳ್ಳುವುದು ಸಾಧ್ಯವಾಗುತ್ತದೆ.

ನಂತರದ ಪ್ರಶ್ನೆ

2022ರ ಮೇ 13ರಂದು ಸುಪ್ರೀಂ ಕೋರ್ಟು ನ್ಯಾಯಾಂಗ ನಿಂದನೆಯ ಅರ್ಜಿಯೊಂದನ್ನು ವಿಚಾರಿಸಿದಾಗ, 2017ರ ಆದೇಶದ ಐದು ವರ್ಷಗಳ ನಂತರವೂ 3,704 ಬಾಧಿತರ ಪೈಕಿ ಪೂರ್ಣ ಪರಿಹಾರ ಸಿಕ್ಕಿದ್ದು ನ್ಯಾಯಾಲಯದ ಮೆಟ್ಟಿಲೇರಿದ ಎಂಟು ಮಂದಿಗೆ ಮಾತ್ರ ಎಂಬುದು ಹೊರಬಂತು. ನ್ಯಾಯಾಲಯ ಆ ಎಂಟು ಮಂದಿಗೆ ತಲಾ 50,000 ರೂಪಾಯಿ ವೆಚ್ಚವನ್ನು ಕೊಡಿಸಿತು. ಬಾಧಿತರ ಗುರುತಿಸುವಿಕೆ, ಪರಿಹಾರ ವಿತರಣೆ ಮತ್ತು ಚಿಕಿತ್ಸೆಯ ಸೌಲಭ್ಯಗಳ ಕುರಿತು ಪ್ರತಿ ತಿಂಗಳು ಸಭೆ ನಡೆಸಲು ಮುಖ್ಯ ಕಾರ್ಯದರ್ಶಿಗೆ ಸೂಚಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಯಾಬಾಯಿ ಸೆಕ್ರೆಟರಿಯೇಟಿನ ಮುಂದೆ 18 ದಿನ ಉಪವಾಸ ಮಾಡಿದರು. ಈ ಬಾರಿಯ ಬೇಡಿಕೆಗಳಲ್ಲಿ ಹಣಕ್ಕಿಂತ ಜಿಲ್ಲೆಯಲ್ಲಿ ತಜ್ಞ ಚಿಕಿತ್ಸೆ ಮತ್ತು ಹಗಲು ಪಾಲನೆಯ ವಿಷಯಗಳು ಮುಂದಿದ್ದುದು ಚಳವಳಿಯ ಒತ್ತು ಬದಲಾದುದನ್ನು ಸೂಚಿಸುತ್ತದೆ.

ಬದಲಾವಣೆಗೆ ಕಾರಣ ಕಾಲವೇ. ಸಿಂಪಡಣೆ ನಿಂತಾಗ ಶಿಶುಗಳಾಗಿದ್ದವರು ಈಗ ವಯಸ್ಕರು. ಅವರನ್ನು ಎತ್ತುತ್ತಿದ್ದ ತಾಯಂದಿರು ವೃದ್ಧರು. ಹದಿನೆಂಟು ದಾಟಿದ ಮಗನ ಪರವಾಗಿ ಸಹಿ ಹಾಕಲು ನ್ಯಾಷನಲ್ ಟ್ರಸ್ಟ್ ಕಾಯಿದೆಯ ಸ್ಥಳೀಯ ಸಮಿತಿಯಿಂದ ಪಾಲಕತ್ವದ ಆದೇಶ ಬೇಕು. ಪಾಲಕರು ತೀರಿಕೊಂಡ ಮೇಲೆ ಅವನು ಇರಬೇಕಾದುದು ಎಲ್ಲಿ? ಮುಳಿಯಾರಿನಲ್ಲಿ ಯೋಜಿಸಲಾದ ಪುನರ್ವಸತಿ ಗ್ರಾಮ ಈ ಪ್ರಶ್ನೆಗೆ ಉತ್ತರವಾಗಬೇಕಿತ್ತು. ಪರಿಹಾರದ ಮೊತ್ತ ಎಷ್ಟೇ ಆದರೂ ಅದು ಉಣಿಸುವ ಕೈಯನ್ನು ತಾನಾಗಿ ಒದಗಿಸುವುದಿಲ್ಲ.

ಎಂಡೋಸಲ್ಫಾನ್ ಪಟ್ಟಿ ಬಾಧಿತರಿಗೆ ಹಲವು ಸೌಲಭ್ಯಗಳನ್ನು ತಂದುಕೊಟ್ಟಿದೆ. ಅದಿಲ್ಲದಿದ್ದರೆ ಇಷ್ಟೂ ದಕ್ಕುತ್ತಿರಲಿಲ್ಲ ಎಂಬುದನ್ನು ಒಪ್ಪಬೇಕು. ಆದರೆ ದುರಂತದ ಫಲವಾಗಿ ರೂಪುಗೊಂಡ ಆರೈಕೆಯ ವ್ಯವಸ್ಥೆ ದುರಂತಕ್ಕೆ ಸಂಬಂಧವಿಲ್ಲದ ಮಗುವಿಗೆ ಮುಚ್ಚಿರಬೇಕಾದ ಕಾರಣವಿಲ್ಲ. ಮೀಂಜದ ಮಗು ಅಧ್ಯಯನದಲ್ಲಿ ಹೋಲಿಕೆಯ ಮಾನದಂಡವಾಗಿತ್ತು. ಅಲ್ಲಿಯೂ ಬೌದ್ಧಿಕ ಅಂಗವೈಕಲ್ಯವುಳ್ಳ ಮಕ್ಕಳು ಹುಟ್ಟುತ್ತಾರೆ, ಅಲ್ಲಿಯ ತಾಯಿಯೂ ಅದೇ ತಲಪಾಡಿಯನ್ನು ದಾಟಿ ಅದೇ ಮಂಗಳೂರಿಗೆ ಹೋಗುತ್ತಾಳೆ. ಕಾರಣದ ಸಾಬೀತನ್ನು ಪರಿಹಾರಧನಕ್ಕೆ ಮೀಸಲಿಟ್ಟು, ಸೇವೆಗೆ ಅಗತ್ಯವೊಂದನ್ನೇ ಅರ್ಹತೆಯಾಗಿ ಇರಿಸಿದ್ದರೆ ಕಾಸರಗೋಡಿನ ಉತ್ತರದ ಪಂಚಾಯತುಗಳಲ್ಲಿ ಕನ್ನಡ, ತುಳು ಬಲ್ಲ ಚಿಕಿತ್ಸಕರ ಒಂದು ತಲೆಮಾರು ಇಷ್ಟು ಹೊತ್ತಿಗೆ ಬೆಳೆದಿರುತ್ತಿತ್ತು. ಆ ಕೆಲಸಕ್ಕೆ ಹೊಸ ಪಟ್ಟಿಯೊಂದರ ಅಗತ್ಯವಿಲ್ಲ.